ಲೋಕಲ್ ಆಧಾರ್ ನಡೆಯೋದಿಲ್ಲ

ಮಳೆಗಾಲ ಶುರುವಾಗಿ ಘಟಪ್ರಭೆ ಕೆಂಪಗೆ ತುಂಬಿ ಹರಿಯತೊಡಗಿದ ಕೂಡಲೇ ಪತ್ರಿಕೆಗಳ ಪುರವಣಿಗಳಲ್ಲಿ, ಯೂಟ್ಯೂಬಿನಲ್ಲಿ, ಇನ್‌ಸ್ಟಾಗ್ರಾಮಿನ ರೀಲುಗಳಲ್ಲಿ ಒಂದೇ ಬಗೆಯ ಪಟ್ಟಿ ಕಾಣಿಸಿಕೊಳ್ಳುತ್ತದೆ: ಜೋಡಿಯಾಗಿ, ಕಡಿಮೆ ಖರ್ಚಿನಲ್ಲಿ, ಎರಡು ದಿನಕ್ಕೆ ಹೋಗಿಬರಬಹುದಾದ ತಾಣಗಳು. ಉತ್ತರ ಕರ್ನಾಟಕದ ಪಟ್ಟಿಯಾದರೆ ಗೋಕಾಕ ಜಲಪಾತ ಅದರಲ್ಲಿ ಇದ್ದೇ ಇರುತ್ತದೆ. ಪಟ್ಟಿಯ ಬೆನ್ನಿಗೆ ಉಪದೇಶ. ಮುಂಚೆಯೇ ಕೋಣೆ ಕಾದಿರಿಸಿ, ಕಾರಿನ ಬದಲು ಬಸ್ಸು ಹಿಡಿಯಿರಿ, ಬುತ್ತಿ ಕಟ್ಟಿಕೊಳ್ಳಿ, ದೊಡ್ಡ ಹೋಟೆಲ್ಲಿಗೆ ಹೋಗಬೇಡಿ.

ಈ ಉಪದೇಶದ ಮೇಲೆ ನನ್ನ ತಕರಾರಿದೆ. ಬಸ್ಸು ಹಿಡಿಯುವುದನ್ನೂ ಬುತ್ತಿ ಕಟ್ಟುವುದನ್ನೂ ಬೆಳಗಾವಿ ಜಿಲ್ಲೆಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಮೂರು ದಿನ ಇದ್ದು ಬರುವ ಜನ ನಾವು. ಉಳಿತಾಯ ನಮಗೆ ಗೊತ್ತಿದೆ. ನಮ್ಮ ಕಡೆ ಒಂದು ಜೋಡಿಯ ಅಗ್ಗದ ಪ್ರವಾಸವನ್ನು ದುಬಾರಿ ಮಾಡುತ್ತಿರುವುದು ಇಬ್ಬರು ನೆಮ್ಮದಿಯಿಂದ ಒಟ್ಟಿಗಿರುವ ಜಾಗಕ್ಕೆ ನಾವೆಲ್ಲ ಸೇರಿ ಹಾಕಿರುವ ಬೆಲೆ. ಅದನ್ನು ಇಳಿಸುವುದು ಆ ಜೋಡಿಯ ಕೈಯಲ್ಲಿಲ್ಲ. ಊರಿನ ಕೈಯಲ್ಲಿದೆ, ಸರ್ಕಾರದ ಕೈಯಲ್ಲಿದೆ. ಪಟ್ಟಿ ಬರೆಯುವವರು ಈ ಮಾತನ್ನು ಒಮ್ಮೆಯೂ ಎತ್ತುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಬೆಳಗಾವಿಯಲ್ಲಿ ದುಡಿಯುವ ಗಂಡ ಹೆಂಡತಿ ಒಂದು ಶನಿವಾರ ಮಧ್ಯಾಹ್ನ ಗೋಕಾಕಕ್ಕೆ ಹೊರಡುತ್ತಾರೆ ಅಂದುಕೊಳ್ಳಿ. ದಾರಿ ಅರವತ್ತೈದು ಕಿಲೋಮೀಟರಿನ ಆಸುಪಾಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಆಕೆಯ ಟಿಕೆಟ್ಟು ಸೊನ್ನೆ. ಆತನದು ನೂರು ರೂಪಾಯಿಯ ಆಚೀಚೆ. ರೈಲೇ ಬೇಕೆಂದರೆ ಮಿರಜ–ಲೋಂಡಾ ಮಾರ್ಗದಲ್ಲಿ ಗೋಕಾಕ ರೋಡ್ ಇದೆ, ಘಟಪ್ರಭಾ ಇದೆ. ಊರಿನಿಂದ ಆರು ಕಿಲೋಮೀಟರ್ ದೂರದಲ್ಲಿ ಘಟಪ್ರಭೆ ಕುದುರೆಲಾಳದ ಆಕಾರದ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಬೀಳುತ್ತಾಳೆ. ಪಕ್ಕದಲ್ಲಿ ಇನ್ನೂರು ಮೀಟರ್ ಉದ್ದದ ತೂಗುಸೇತುವೆ, ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, 1885ರಲ್ಲಿ ಶುರುವಾಗಿ ಇದೇ ನೀರಿನ ಬಲದ ಮೇಲೆ ಓಡಿದ ನೂಲಿನ ಗಿರಣಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಅಬ್ಬರ ನೋಡಬೇಕು. ಬೇಸಗೆಯಲ್ಲಿ ಹೋದರೆ ಬಂಡೆಗಳನ್ನಷ್ಟೇ ನೋಡಿ ಬರಬೇಕು. ಮರುದಿನ ಗೊಡಚಿನಮಲ್ಕಿ. ಅಲ್ಲಿ ಮಾರ್ಕಂಡೇಯ ನದಿ ಎರಡು ಹಂತವಾಗಿ ಇಳಿಯುತ್ತದೆ. ಹೊತ್ತಿದ್ದರೆ ಯೋಗಿಕೊಳ್ಳ. ಚಳಿಗಾಲವಾದರೆ ಧೂಪದಾಳದ ಹಿನ್ನೀರಿಗೆ ಬರುವ ವಲಸೆ ಹಕ್ಕಿಗಳು. ಹುಕ್ಕೇರಿ ಕಡೆಗೆ ತಿರುಗಿದರೆ ಹಿಡಕಲ್ ಜಲಾಶಯ.

ಊಟಕ್ಕೆ ಖಾನಾವಳಿ ಇದೆ: ರೊಟ್ಟಿ, ಝುಣಕ, ಎಣ್ಣಿಗಾಯಿ, ಮೊಸರು. ಬರುವಾಗ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಹಾಕಿ ಮಾಡಿದ ಕರದಂಟಿನ ಒಂದು ಡಬ್ಬಿ, ಮನೆಯ ಮಕ್ಕಳಿಗೆ ಬಣ್ಣ ಬಳಿದ ಕಟ್ಟಿಗೆಯ ಗೋಕಾಕ ಆಟಿಕೆ. ಇಷ್ಟೆಲ್ಲ ಸೇರಿಸಿದರೂ ಲೆಕ್ಕ ಸಾವಿರ ರೂಪಾಯಿಯ ಸುತ್ತಲೇ ಸುತ್ತುತ್ತದೆ. ಇಬ್ಬರು ದುಡಿಯುವವರಿಗೆ ವರ್ಷಕ್ಕೆ ಒಂದೆರಡು ಸಲ ಇದು ದೊಡ್ಡ ಮಾತಲ್ಲ.

ಉಳಿದದ್ದು ರಾತ್ರಿ. ಅಲ್ಲಿಗೆ ಲೆಕ್ಕ ತಪ್ಪುತ್ತದೆ.

ನಮ್ಮ ಸಣ್ಣ ಊರುಗಳ ಲಾಡ್ಜುಗಳಲ್ಲಿ ಬರೆಯದೇ ಪಾಲಿಸುವ ಒಂದು ನಿಯಮವಿದೆ. ಕೌಂಟರಿನಲ್ಲಿ ಕುಳಿತ ಹುಡುಗ ಗುರುತಿನ ಚೀಟಿ ನೋಡುತ್ತಾನೆ, ತಲೆಯೆತ್ತಿ ಇಬ್ಬರನ್ನೂ ನೋಡುತ್ತಾನೆ, ಮತ್ತೆ ಚೀಟಿ ನೋಡುತ್ತಾನೆ. ಆಮೇಲೆ ಹೇಳುತ್ತಾನೆ: ‘ಲೋಕಲ್ ಆಧಾರ್ ನಡೆಯೋದಿಲ್ರೀ.’ ಇದೇ ಜಿಲ್ಲೆಯ ವಿಳಾಸವಿರುವ ಗಂಡು ಹೆಣ್ಣು ಒಟ್ಟಿಗೆ ಬಂದರೆ ಕೋಣೆ ಇಲ್ಲ. ಸ್ವಂತ ಮನೆ ಇಷ್ಟು ಹತ್ತಿರ ಇರುವವರಿಗೆ ಇಲ್ಲೇನು ಕೆಲಸ ಅನ್ನುವುದು ಆ ನಿಯಮದ ಒಳಗಿರುವ ಪ್ರಶ್ನೆ. ನಾಲ್ಕು ಗಂಡಸರು ಚೀಲದಲ್ಲಿ ಬಾಟಲಿ ಕಿಣಿಕಿಣಿ ಅನ್ನಿಸುತ್ತ ಬಂದರೆ ಈ ಪ್ರಶ್ನೆ ಹುಟ್ಟುವುದಿಲ್ಲ. ಅವರ ವಿಳಾಸ ಪಕ್ಕದ ಓಣಿಯದಾಗಿದ್ದರೂ ಕೀಲಿಕೈ ಸಿಗುತ್ತದೆ.

ಈ ನಿಯಮದ ಅರ್ಥಶಾಸ್ತ್ರ ನೋಡಿ. ಅಗ್ಗದ ಪ್ರವಾಸ ಅಂದರೆ ಹತ್ತಿರದ ಪ್ರವಾಸ. ದಾರಿ ಕಡಿಮೆಯಾದಷ್ಟು ಖರ್ಚು ಕಡಿಮೆ, ರಜೆ ಕಡಿಮೆ, ದಣಿವು ಕಡಿಮೆ. ಆದರೆ ಹತ್ತಿರದವರಿಗೆ ಕೋಣೆ ಇಲ್ಲ! ಬೆಳಗಾವಿಯ ಜೋಡಿ ಗೋಕಾಕದಲ್ಲಿ ಉಳಿಯಲು ಹೆಣಗಬೇಕು, ಗೋಕಾಕದ ಜೋಡಿ ಬೆಳಗಾವಿಯಲ್ಲಿ. ಹಾಗಾಗಿ ಇಬ್ಬರೂ ಗೋವಾಕ್ಕೆ ಹೋಗುತ್ತಾರೆ. ಅಲ್ಲಿ ಕೋಣೆಗೆ ಹೆಚ್ಚು, ಊಟಕ್ಕೆ ಹೆಚ್ಚು, ಗಡಿ ದಾಟಿದ ಮೇಲೆ ಆಕೆಗೆ ಶಕ್ತಿ ಟಿಕೆಟ್ಟೂ ಇಲ್ಲ. ಆದರೂ ಹೋಗುತ್ತಾರೆ, ಯಾಕೆಂದರೆ ಅಲ್ಲಿ ‘ಯಾರೂ ಏನೂ ಕೇಳೋದಿಲ್ಲ.’ ಅವರು ಹೆಚ್ಚಿಗೆ ತೆತ್ತ ಸಾವಿರಗಳು ಈ ಮೂರು ಶಬ್ದಗಳಿಗೆ. ಇತ್ತ ಗೋಕಾಕದ ಖಾನಾವಳಿಗೆ, ಕರದಂಟಿನ ಅಂಗಡಿಗೆ, ಆಟಿಕೆ ಮಾಡುವವರಿಗೆ ಬರಬಹುದಾಗಿದ್ದ ದುಡ್ಡು ಘಟ್ಟ ಇಳಿದು ಹೋಗುತ್ತದೆ.

ಮದುವೆಯಾದವರಿಗೇನು ತೊಂದರೆ ಅನ್ನಬೇಡಿ. ಹಳ್ಳಿಗಳಲ್ಲಿ ಎಷ್ಟು ಮದುವೆಗಳು ನೋಂದಣಿಯಾಗಿವೆ? ಊರ ಮುಂದೆ ಚಪ್ಪರ ಹಾಕಿ ಸಾವಿರ ಜನಕ್ಕೆ ಊಟ ಹಾಕಿದ್ದೇ ಅಲ್ಲಿ ದಾಖಲೆ. ಮದುವೆಯಾಗಿ ಎರಡು ವರ್ಷವಾದರೂ ಆಕೆಯ ಆಧಾರಿನಲ್ಲಿ ತವರಿನ ವಿಳಾಸ, ತಂದೆಯ ಹೆಸರು. ಬದಲಾಯಿಸಬೇಕೆಂದರೆ ಒಂದು ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲಬೇಕು. ಕೌಂಟರಿನ ಹುಡುಗನಿಗೆ ಎರಡು ಚೀಟಿ, ಎರಡು ಊರು, ಎರಡು ಅಡ್ಡಹೆಸರು ಕಾಣುತ್ತವೆ. ಆಗ ಕಣ್ಣು ಕೊರಳಿಗೂ ಕಾಲ್ಬೆರಳಿಗೂ ಹೋಗುತ್ತದೆ. ತಾಳಿ ಇದೆಯೇ, ಕಾಲುಂಗುರ ಇದೆಯೇ? ಅವನ್ನು ಹಾಕದ ಸಮುದಾಯದವರು, ಹಾಕಲು ಒಪ್ಪದವರು, ದುಡ್ಡಿಲ್ಲದೆ ಅಡವಿಟ್ಟವರು ಹೊರಗೇ ನಿಲ್ಲಬೇಕು. ಗಂಡನ ಜೊತೆ ಎರಡು ದಿನ ಕಳೆಯಲು ಬಂದ ಹೆಣ್ಣುಮಗಳು ಅಪರಿಚಿತನೊಬ್ಬನ ಮುಂದೆ ತಾನು ಗೃಹಸ್ಥೆ ಎಂದು ಮೈಮೇಲಿನ ಗುರುತು ತೋರಿಸಿ ಸಾಬೀತುಪಡಿಸಬೇಕು. ಈ ಅವಮಾನಕ್ಕೆ ರಸೀದಿ ಕೊಡುವುದಿಲ್ಲ. ಆದ್ದರಿಂದ ಇದು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ.

ಮದುವೆಯಾಗದವರ ಮಾತು? ಅದನ್ನೂ ನೇರವಾಗಿ ಆಡೋಣ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಒಂದು ಕೋಣೆಯಲ್ಲಿ ಉಳಿಯುವುದನ್ನು ಅಪರಾಧ ಅನ್ನುವ ಕಾನೂನು ಈ ದೇಶದಲ್ಲಿಲ್ಲ. 2019ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಅಧಿಕಾರಿಗಳು ಬೀಗ ಹಾಕಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಈ ಮಾತನ್ನೇ ಹೇಳಿತು. ಅದಕ್ಕೂ ಮುಂಚೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಹಕ್ಕು ದಿಲ್ಲಿಯಲ್ಲಿ ಸಿಕ್ಕಿತು, ತಾಲೂಕಿನ ಲಾಡ್ಜಿನ ಕೌಂಟರಿನವರೆಗೆ ಇನ್ನೂ ಬಂದಿಲ್ಲ. ಬರುವ ಬದಲು ಹಿಂದಕ್ಕೆ ಹೋಗುತ್ತಿದೆ. ಒಂದು ಕಾಲಕ್ಕೆ ಜೋಡಿಗಳಿಗೆ ಕೋಣೆ ಕೊಟ್ಟೇ ಹೆಸರಾದ ಓಯೋ ಕಂಪನಿ 2025ರ ಆರಂಭದಲ್ಲಿ ಮೀರತ್ತಿನಿಂದ ಶುರುಮಾಡಿ, ಸಂಬಂಧದ ದಾಖಲೆ ಕೇಳುವ ನಿಯಮ ತಂದಿತು.

ಕೌಂಟರಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನ ಹೆದರಿಕೆ ನಿಜವಾದದ್ದು. ದಾಳಿಯಾದರೆ ಮೊದಲು ಸಿಕ್ಕಿಬೀಳುವವನು ಅವನು, ಬಾಗಿಲು ಮುಚ್ಚಿದರೆ ಕೆಲಸ ಕಳೆದುಕೊಳ್ಳುವವನೂ ಅವನೇ. ಪೊಲೀಸರಿಗಿಂತ ಅವನು ಹೆದರುವುದು ಗುಂಪಿಗೆ. ಆ ಹೆದರಿಕೆಗೂ ಆಧಾರವಿದೆ. 2024ರ ಜನವರಿಯಲ್ಲಿ ಹಾನಗಲ್ಲಿನ ಲಾಡ್ಜೊಂದರ ಕೋಣೆಗೆ ಗುಂಪೊಂದು ನುಗ್ಗಿ, ಬೇರೆ ಬೇರೆ ಧರ್ಮದ ಗಂಡು ಹೆಣ್ಣನ್ನು ಬಡಿದು, ಹೆಣ್ಣುಮಗಳನ್ನು ಎಳೆದೊಯ್ದಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಆಕೆ ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು.

ಹಾಗಾದರೆ ಕೋಣೆಯೇ ಬೇಡ, ಬೆಳಿಗ್ಗೆ ಹೋಗಿ ಸಂಜೆ ಬರೋಣ, ದುಡ್ಡು ಕೇಳದ ಜಾಗದಲ್ಲಿ ಕೂತು ಮಾತಾಡೋಣ ಅಂದರೆ? ಅದೇ ಜನವರಿಯಲ್ಲಿ ಬೆಳಗಾವಿಯ ಕೋಟೆ ಕೆರೆಯ ದಂಡೆಯ ಮೇಲೆ ಹುಡುಗ ಹುಡುಗಿ ಇಬ್ಬರು ಕೂತಿದ್ದರು. ಯುವನಿಧಿ ಯೋಜನೆಗೆ ಅರ್ಜಿ ಹಾಕಲು ನಗರಕ್ಕೆ ಬಂದವರು. ಹಣೆಯ ಕುಂಕುಮ, ತಲೆಯ ಮೇಲಿನ ಬಟ್ಟೆ ನೋಡಿ ಇವರದು ಬೇರೆ ಬೇರೆ ಧರ್ಮದ ಪ್ರೇಮ ಎಂದು ಗುಂಪೊಂದು ತೀರ್ಮಾನಿಸಿತು, ಎಳೆದೊಯ್ದು ಹೊಡೆಯಿತು. ಅವರು ಅಕ್ಕತಂಗಿಯರ ಮಕ್ಕಳಾಗಿದ್ದರು. ಈ ಸುದ್ದಿ ಬಂದಾಗ ಎಷ್ಟೋ ಜನ ‘ಪಾಪ, ತಪ್ಪು ತಿಳಿದು ಹೊಡೆದರು’ ಅಂದರು. ಆ ಮಾತನ್ನು ಇನ್ನೊಮ್ಮೆ ಓದಿ. ಪ್ರೇಮಿಗಳಾಗಿದ್ದರೆ ಹೊಡೆದದ್ದು ಸರಿಯಾಗುತ್ತಿತ್ತು ಅನ್ನುವುದು ಅದರೊಳಗೆ ಅಡಗಿದೆ.

ಕೆರೆಯ ದಂಡೆ, ಕೋಟೆಯ ಗೋಡೆ, ಜಲಪಾತದ ಬಂಡೆ, ಗುಡ್ಡದ ಮೆಟ್ಟಿಲು. ದುಡ್ಡಿಲ್ಲದವರಿಗೆ ಇರುವುದು ಇವೇ, ಮತ್ತು ಕಾವಲು ಗುಂಪುಗಳು ಸುತ್ತುವುದೂ ಇಲ್ಲೇ. ಮರಗಳ ನಡುವೆ ಗೇಟು ಹಾಕಿದ ರೆಸಾರ್ಟಿನೊಳಗೆ ಅವರು ಕಾಲಿಡುವುದಿಲ್ಲ. ಅಲ್ಲಿ ಏಕಾಂತವನ್ನು ದರಪಟ್ಟಿ ಹಚ್ಚಿ ಮಾರುತ್ತಾರೆ. ಕೊಳ್ಳುವ ಶಕ್ತಿಯಿದ್ದವರ ಶೀಲದ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಸಂಸ್ಕೃತಿ ರಕ್ಷಣೆ ಅಂತ ನಾವು ಕರೆಯುವುದು ಬಡವರ, ಕೆಳಮಧ್ಯಮ ವರ್ಗದವರ ಮೇಲೆ ಹಾಕಿದ ಒಂದು ತೆರಿಗೆ.

ಈ ಸೀಮೆಯಲ್ಲಿ ಗಂಡಹೆಂಡತಿ ಜೊತೆಯಾಗಿ ಊರು ಬಿಟ್ಟರೆ ಯಾರೂ ತಡೆಯದ ಒಂದು ಸಂದರ್ಭ ಇದೆ. ಅದು ಕಬ್ಬಿನ ಹಂಗಾಮು. ಮಹಾರಾಷ್ಟ್ರದ ಬೀಡ ಕಡೆಯಿಂದ ಗಡಿ ದಾಟಿ ಕಬ್ಬು ಕಡಿಯಲು ಬರುವವರ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಮುಂಗಡ ಕೊಡುವುದೂ ಜೋಡಿಗೇ. ತಿಂಗಳುಗಟ್ಟಲೆ ಕಾರ್ಖಾನೆಯ ಬಯಲಲ್ಲಿ, ಗರಿ ಹೊದಿಸಿದ ಕೊಪ್ಪೆಯಲ್ಲಿ ಅವರು ಒಟ್ಟಿಗೇ ಮಲಗುತ್ತಾರೆ. ಮದುವೆಯ ದಾಖಲೆ ತೋರಿಸಿ ಅನ್ನುವವರು ಅಲ್ಲಿಗೆ ಹೋಗುವುದಿಲ್ಲ. ದುಡಿಯಲು ಹೋಗುವ ಜೋಡಿಯ ಮೇಲೆ ಅನುಮಾನವಿಲ್ಲ. ಎರಡು ದಿನ ಸುಮ್ಮನೆ ಇರಲು ಹೋಗುವ ಜೋಡಿ ಮಾತ್ರ ನಮಗೆ ಕಣ್ಣಿಗೆ ಬಿದ್ದ ಕಸ.

‘ಜೋಡಿ ಪ್ರವಾಸ ನಮ್ಮ ಸಂಪ್ರದಾಯವಲ್ಲ, ಸಿನಿಮಾದಿಂದ ಬಂದದ್ದು’ ಅನ್ನುವವರಿದ್ದಾರೆ. ಅವರು ತಮ್ಮ ಊರಿನ ಬಯಲಾಟವನ್ನಾದರೂ ನೆನೆಯಬೇಕು. ಶ್ರೀಕೃಷ್ಣ ಪಾರಿಜಾತ ಇದೇ ಮಣ್ಣಿನದು. ಕುಲಗೋಡದ ತಮ್ಮಣ್ಣ ಅದನ್ನು ಬೆಳೆಸಿದ, ಕೌಜಲಗಿಯ ನಿಂಗಮ್ಮ ಊರೂರಿಗೆ ಒಯ್ದಳು. ಈಗಿನ ಮೂಡಲಗಿ ಸೀಮೆಯ ಊರುಗಳು ಇವು. ಆಟದ ಕಥೆಯಾದರೂ ಏನು? ಒಂದು ಹೂವು ಯಾರ ಮುಡಿಗೆ ಎಂಬ ಮಾತಿಗೆ ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ರಮಿಸುತ್ತಾನೆ. ಗಂಡಹೆಂಡಿರ ಒಳಮನೆಯ ಮುನಿಸನ್ನು ಬೆಳತನಕ ಬಯಲಲ್ಲಿ ಕೂತು ನೋಡಿ ಸಂತೋಷಪಟ್ಟ ಜನ ನಾವು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ತರಗತಿಯಲ್ಲಿ ಓದುತ್ತೇವೆ, ಹೆಣ್ಣಿನ ಬಯಕೆಯ ಮೇಲೆ ಪ್ರಬಂಧ ಬರೆದು ಅಂಕ ತೆಗೆದುಕೊಳ್ಳುತ್ತೇವೆ. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯ ದಾಂಪತ್ಯವನ್ನು ಮದುವೆ ಮನೆಗಳಲ್ಲಿ ಹಾಡಿಸುತ್ತೇವೆ. ಹಾಡಿನ, ಆಟದ, ಪಠ್ಯದ ಜೋಡಿಗೆ ಇಷ್ಟು ಜಾಗ ಕೊಟ್ಟ ನಾಡು ಬಸ್ಸಿನಿಂದಿಳಿದ ಜೋಡಿಗೆ ಒಂದು ಬೆಂಚು ಕೊಡಲಾರದೆ?

ಇನ್ನು ಒಪ್ಪಿತ ಪ್ರವಾಸದ ಮಾತು. ಹೊಸದಾಗಿ ಮದುವೆಯಾದವರನ್ನು ನಾವು ಕಳಿಸುವುದಿಲ್ಲವೇ ಅಂದರೆ, ಕಳಿಸುತ್ತೇವೆ. ಕ್ರೂಸರ್ ಗಾಡಿಯಲ್ಲಿ ಹತ್ತು ಜನರ ನಡುವೆ ಕೂರಿಸಿ ಸವದತ್ತಿ, ಕೂಡಲಸಂಗಮ ಸುತ್ತಿಸಿ ತರುತ್ತೇವೆ. ಅತ್ತೆ ಮುಂದಿನ ಸೀಟಿನಲ್ಲಿ, ನಾದಿನಿ ಪಕ್ಕದಲ್ಲಿ, ಮಾವ ಲೆಕ್ಕ ಬರೆಯುತ್ತ. ಅದು ಚಂದವೇ, ಬೇಡ ಅನ್ನುತ್ತಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಆರು ಜನರಿರುವಾಗ ಗಂಡ ಹೆಂಡತಿ ಪಿಸುಮಾತಿನಲ್ಲೇ ಜೀವನ ಕಳೆಯುತ್ತಾರೆ. ಜಗಳವಾಡಲೂ ಜಾಗವಿಲ್ಲ, ರಮಿಸಲೂ ಇಲ್ಲ. ಅವರಿಗೆ ಒಂದು ರಾತ್ರಿಯ ಬೇರೆ ಊರು ಅಂದರೆ ಶೋಕಿಯಲ್ಲ. ಮಗುವಿನ ಶಾಲೆ, ಸಾಲದ ಕಂತು, ಆಕೆಯ ಕೆಲಸ, ಅಪ್ಪ ಅಮ್ಮನ ಔಷಧಿ ಇವನ್ನೆಲ್ಲ ದನಿ ತಗ್ಗಿಸದೆ ಮಾತಾಡಲು ಸಿಗುವ ಒಂದೇ ಸಂದರ್ಭ ಅದು.

ಸಾರ್ವಜನಿಕ ದುಡ್ಡು ಏನು ಮಾಡಬಲ್ಲದು ಎಂಬುದಕ್ಕೆ ಶಕ್ತಿ ಯೋಜನೆಯೇ ಸಾಕ್ಷಿ. ಟಿಕೆಟ್ಟು ಸೊನ್ನೆಯಾದ ಕೂಡಲೇ ಜನ್ಮದಲ್ಲಿ ತಾಲೂಕು ದಾಟದ ಹೆಂಗಸರು ಧರ್ಮಸ್ಥಳಕ್ಕೆ, ಸವದತ್ತಿಗೆ ತಂಡ ಕಟ್ಟಿಕೊಂಡು ಹೊರಟರು. ಮೊಬೈಲಿನಲ್ಲಿ ನಗೆಚಾಟಿಕೆ ಹರಿದಾಡಿತು. ಹೆಂಗಸರಿಗೆ ಹೋಗುವ ಮನಸ್ಸು ಮೊದಲೂ ಇತ್ತು, ದಾರಿ ಇರಲಿಲ್ಲ ಎಂಬುದು ನಗುವವರಿಗೆ ಹೊಳೆಯಲಿಲ್ಲ. ಬಸ್ಸಿಗೆ ಮಾಡಿದ್ದನ್ನು ತಂಗುವ ಜಾಗಕ್ಕೂ ಮಾಡಬಹುದು.

ನಮ್ಮಲ್ಲಿ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಕಟ್ಟಡವೊಂದಿರುತ್ತದೆ. ಸುತ್ತ ಹಳೆಯ ಮರಗಳು, ಮುಂದೆ ಪಡಸಾಲೆ. ಹೆಸರು ‘ಪ್ರವಾಸಿ ಮಂದಿರ’. ಆ ಹೆಸರು ನಂಬಿ ಯಾವ ಪ್ರವಾಸಿಯಾದರೂ ಚೀಲ ಹಿಡಿದು ಒಳಗೆ ಹೋದದ್ದನ್ನು ಕಂಡಿದ್ದೀರಾ? ಅಲ್ಲಿ ನಡೆಯುವುದು ಮಂತ್ರಿಗಳ ಪತ್ರಿಕಾಗೋಷ್ಠಿ, ಅಧಿಕಾರಿಗಳ ವಿಶ್ರಾಂತಿ, ಚುನಾವಣೆಯ ಹೊತ್ತಿನ ಗುಸುಗುಸು. ಪ್ರತಿ ಪ್ರವಾಸಿ ಮಂದಿರದಲ್ಲಿ ನಾಲ್ಕು ಕೋಣೆಗಳನ್ನು ಶನಿವಾರ ಭಾನುವಾರ ಸಾಮಾನ್ಯರಿಗೆ, ಗೋಡೆಯ ಮೇಲೆ ಬರೆದ ದರಕ್ಕೆ, ಇಬ್ಬರ ಗುರುತಿನ ಚೀಟಿ ಸಾಕು ಎಂಬ ನಿಯಮದ ಮೇಲೆ ಬಿಟ್ಟುಕೊಡಲಿ. ಗುರುತಿನ ಚೀಟಿ ಕೇಳುವುದಕ್ಕೆ ನನ್ನ ವಿರೋಧವಿಲ್ಲ, ಅದು ಭದ್ರತೆ. ಸಂಬಂಧ ಕೇಳುವುದು ಮಾತ್ರ ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕುವ ಚಟ. ಸರ್ಕಾರವೇ ಹೀಗೆ ನಡೆದುಕೊಂಡರೆ ಖಾಸಗಿ ಲಾಡ್ಜಿನವನಿಗೂ ಧೈರ್ಯ ಬರುತ್ತದೆ. ‘ವಯಸ್ಕರಿಬ್ಬರಿಗೆ ಕೋಣೆ ಕೊಡುವುದು ಅಪರಾಧವಲ್ಲ’ ಎಂದು ಒಂದು ಸುತ್ತೋಲೆ, ಅದರ ಕೆಳಗೆ ಪೊಲೀಸ್ ಅಧಿಕಾರಿಯ ಸಹಿ. ಇದಕ್ಕೆ ಖಜಾನೆಯಿಂದ ಏನೂ ಹೋಗುವುದಿಲ್ಲ.

ಜಲಪಾತದ ದಂಡೆಗೂ ಇದೇ ಮಾತು. ಪ್ರವಾಸೋದ್ಯಮ ಅಂದ ಕೂಡಲೇ ಗಾಜಿನ ಸೇತುವೆ, ರೋಪ್‌ವೇ ಮಾತಾಡುವವರು ಮೊದಲು ನಾಲ್ಕು ಸಣ್ಣ ಪ್ರಶ್ನೆಗಳಿಗೆ ಉತ್ತರಿಸಲಿ. ಹೆಂಗಸರು ನಿಜವಾಗಿ ಬಳಸಬಹುದಾದ ಶೌಚಾಲಯ ಎಲ್ಲಿದೆ, ಅದರಲ್ಲಿ ನೀರಿದೆಯೇ? ಜಾರುವ ಬಂಡೆಯ ಅಂಚಿಗೆ ಕಟಕಟೆ ಇದೆಯೇ? ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದ ಫಲಕವಿದೆಯೇ? ಗುಂಪೊಂದು ಬಂದು ‘ಯಾರು ನೀವು’ ಎಂದು ಜೋಡಿಯನ್ನು ಕೇಳಿದರೆ, ಆ ಗುಂಪನ್ನು ‘ನೀವು ಯಾರು’ ಎಂದು ಕೇಳಲು ಒಬ್ಬ ಪೊಲೀಸ್ ಪೇದೆ ಇದ್ದಾನೆಯೇ? ನಾಲ್ಕಕ್ಕೂ ಹೌದು ಅನ್ನುವಂತಾದರೆ ಪ್ರವಾಸ ತಾನಾಗಿ ಅಗ್ಗವಾಗುತ್ತದೆ. ಒಂದಕ್ಕೆ ಇಲ್ಲ ಅಂದರೂ ಜೋಡಿ ಆ ಕೊರತೆಯನ್ನು ಜೇಬಿನಿಂದ ತುಂಬಬೇಕು. ಶೌಚಾಲಯಕ್ಕಾಗಿ ಹೋಟೆಲು, ಬಸ್ಸಿಲ್ಲದ್ದಕ್ಕೆ ಬಾಡಿಗೆ ಗಾಡಿ, ಭಯಕ್ಕಾಗಿ ಗೋವಾ.

ಜನ ಹೆಚ್ಚಾದರೆ ಕಸ ಹೆಚ್ಚುತ್ತದೆ ಅನ್ನುವ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಳ್ಳದ ದಂಡೆಯಲ್ಲಿ ಒಡೆದ ಬಾಟಲಿಯ ಚೂರು ನೋಡಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಬುತ್ತಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದ ಇಬ್ಬರು ಆ ಬಾಟಲಿ ಒಡೆದವರಲ್ಲ. ಹೆಂಗಸರು, ಜೋಡಿಗಳು, ಮಕ್ಕಳೊಂದಿಗರು ನಿರಾಳವಾಗಿ ಬರುವ ಜಾಗದಲ್ಲಿ ಕುಡುಕರ ಗುಂಪಿನ ದರ್ಬಾರು ತಾನೇ ಕಡಿಮೆಯಾಗುತ್ತದೆ. ನಾವು ಇಷ್ಟು ದಿನ ಮಾಡಿದ್ದು ತಿರುವುಮುರುವು. ಜೋಡಿಯನ್ನು ಓಡಿಸಿ ಬಂಡೆಗಳನ್ನು ಕುಡುಕರಿಗೆ ಬಿಟ್ಟೆವು.

ಆದ್ದರಿಂದ ಪಟ್ಟಿ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಮಳೆಗಾಲಕ್ಕೆ ಗೋಕಾಕದ ಬಗ್ಗೆ ಬರೆಯುವಾಗ ಎರಡು ಸಾಲು ಹೆಚ್ಚಿಗೆ ಬರೆಯಿರಿ: ಈ ಊರಿನಲ್ಲಿ ಲೋಕಲ್ ಆಧಾರ್ ನಡೆಯುತ್ತದೆಯೋ ಇಲ್ಲವೋ, ಸಂಜೆ ಕತ್ತಲಾದ ಮೇಲೆ ಇಬ್ಬರು ಬಸ್ಸಿಗೆ ಕಾಯಬಹುದೋ ಇಲ್ಲವೋ. ಓದುಗರಲ್ಲಿ ವಿದ್ಯಾರ್ಥಿಗಳಿದ್ದರೆ ಅವರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ತಾಲೂಕಿನ ಪ್ರವಾಸಿ ಮಂದಿರಕ್ಕೆ ಹೋಗಿ, ಸಾಮಾನ್ಯರಿಗೆ ಕೋಣೆ ಕೊಡುತ್ತೀರಾ, ದರವೆಷ್ಟು ಎಂದು ಕೇಳಿ. ಬಾಯಿಮಾತಿನ ಉತ್ತರ ಸಾಲದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉತ್ತರ ಬಂದ ಮೇಲೆ ಅದನ್ನು ಊರಿಗೆಲ್ಲ ಓದಿ ಹೇಳಿ.